ಕಡಲ ದಂಡೆಯ ಮನಿ

ಲಿಟಲ್ ಎಲ್ಮ್, ಟೆಕ್ಸಸ್
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ನಿಹಾರಿಕಾ,

ನಿನ್ನ ಇಮೇಲ್ ಶುಕ್ರವಾರ ಬಂತು. ಐದು ತಿಂಗಳ ಮೇಲೆ ಮಗಳು ಬರೆದಳಲ್ಲ ಎಂದು ಸಂತೋಷವಾಗಬೇಕಿತ್ತು. ಓದುತ್ತ ಓದುತ್ತ ಒಲೆಯ ಮೇಲಿನ ಸಾರು ತಳ ಹಿಡಿಯಿತು. ಪಾತ್ರೆ ಇನ್ನೂ ಸಿಂಕಿನಲ್ಲೇ ಇದೆ, ಉಜ್ಜಲು ಮನಸ್ಸು ಬಂದಿಲ್ಲ.

ನೀನು ಇಂಗ್ಲಿಷಿನಲ್ಲಿ ಬರೆದೆ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀನು ಮಾತು ಕಲಿತಾಗಿನಿಂದ ನಮ್ಮಿಬ್ಬರದು ಹೀಗೇ ನಡೆದುಬಂದಿದೆ. ಹ್ಯೂಸ್ಟನ್ನಿನ ಪಕ್ಕದ ಸ್ಟಾಫರ್ಡಿನಲ್ಲಿದ್ದಾಗ ಭಾನುವಾರದ ಕನ್ನಡ ಕ್ಲಾಸಿಗೆ ನೀನು ಅಳುತ್ತ ಹೋಗಿ ಕಲಿತ ಅಕ್ಷರಗಳು ಇವತ್ತು ಕೆಲಸಕ್ಕೆ ಬರಲಿ. ಬೆರಳಿಟ್ಟು ನಿಧಾನವಾಗಿ ಓದು. ಫೋನಿಗೆ ಕೊಟ್ಟು ಅನುವಾದ ಮಾಡಿಸಬೇಡ. ನಾನು ಹೇಳಬೇಕಾಗಿರುವುದು ಒಂದೇ ಅಕ್ಷರದಲ್ಲಿದೆ, ಅನುವಾದವಾದರೆ ಅದು ಹೋಗಿಬಿಡುತ್ತದೆ.

ಮೊದಲು ನನ್ನ ಸಿಟ್ಟನ್ನು ಹೇಳಿ ಮುಗಿಸುತ್ತೇನೆ. ಏಪ್ರಿಲ್‌ನಲ್ಲಿ ನೀನು ಏರ್‌ಪೋರ್ಟಿನಿಂದ ಸೀದಾ, ಅಪ್ಪ ಸ್ಟ್ರೋಕ್ ಆಗಿ ಮಲಗಿದ್ದ ಆಸ್ಪತ್ರೆಗೆ ಬಂದಾಗ ಅಪ್ಪ ಮಗಳು ಇಬ್ಬರೇ ಇರಲಿ, ಜನವರಿಯ ಆ ಜಗಳ ಇಲ್ಲಿಗೆ ಮುಗಿಯಲಿ ಎಂದು ನಾನು ಬೇಕೆಂದೇ ಕೆಳಗೆ ಕಾಫಿಗೆ ಹೋದೆ. ಬೇಡದ ಕಾಫಿಯನ್ನು ಒಂದಕ್ಕೆರಡು ಸಲ ಕುಡಿದು ಮೇಲೆ ಬಂದರೆ ನೀನಿಲ್ಲ. ನಿಮ್ಮಪ್ಪನ ಎಡಗೈ ಮಂಚದಿಂದಾಚೆ ಜೋತುಬಿದ್ದಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಆಮೇಲೆ ವಾಪಸು ಹೋಗುತ್ತಿದ್ದೇನೆ ಎಂದು ಒಂದು ಸಾಲಿನ ಮೆಸೇಜು. ಎರಡು ದಿನಕ್ಕೆ ಅವರು ಹೋದರು. ಮಣ್ಣಿಗೂ ಬರಲಿಲ್ಲ ನೀನು. ಸಾಯುವ ಅಪ್ಪನ ಹತ್ತಿರವೂ ಹಟ ಬಿಡದ ಮಗಳನ್ನು ಹೆತ್ತೆನಲ್ಲ ಎಂದು ಹೊಟ್ಟೆ ಉರಿಯಿತು. ಇಷ್ಟು ತಿಂಗಳು ನಾನಾಗಿ ಫೋನ್ ಮಾಡದಿದ್ದುದು ಅದಕ್ಕೇ.

ಆ ದಿನದ ಒಂದು ಸಂಗತಿ ಹೇಳಬೇಕು. ಗುಂಡಿ ತೋಡಿ ಪಕ್ಕಕ್ಕೆ ಹಾಕಿದ್ದ ಮಣ್ಣು ಕಪ್ಪಗೆ ಅಂಟಂಟಾಗಿತ್ತು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಸಿದ್ಧಾರೂಢ ಅಂಕಲ್ ಒಂದು ಹೆಂಟೆ ಎತ್ತಿ ಒಡೆದು ನೋಡಿ, “ನಮ್ಮೂರ ಎರಿ ಮಣ್ಣ ಐತ್ರೀ ಇದು” ಎಂದು ಅಲ್ಲೇ ಕೂತು ಅತ್ತರು. ನಾನು ಅಳಲಿಲ್ಲ. ಗದಗಿನ ಎರೆಹೊಲದಲ್ಲಿ ಬೆಳೆದ ಮನುಷ್ಯ, ಬೇಸಿಗೆಯಲ್ಲಿ ಬಿರಿಯುವ ನೆಲ ಹೇಗೆ ಮನೆಗಳನ್ನು ಸೀಳುತ್ತದೆ ಎಂದು ನೋಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡು ಹ್ಯೂಸ್ಟನ್ನಿನಿಂದ ಡಲ್ಲಾಸಿನವರೆಗೆ ಜನರ ಅಡಿಪಾಯ ಇಣುಕಿದವರು, ಅಂಥದೇ ಮಣ್ಣಿಗೆ ಹೋದರು. ನಮ್ಮ ಮನೆಯ ಬುಡಕ್ಕೆ ಅವರು ಹಾಕಿದ್ದ ತೂತಿನ ಪೈಪಿನಲ್ಲಿ ಸಂಜೆ ಈಗ ನಾನೇ ನೀರು ಬಿಡುತ್ತೇನೆ. ಬಿಡದಿದ್ದರೆ ನೆಲ ಒಣಗಿ ಗೋಡೆ ಬಿರುಕು ಬಿಡುತ್ತದೆ ಎಂದು ಅಷ್ಟು ಸಲ ಹೇಳಿದ್ದಾರೆ.

ಈಗ ನಿನ್ನ ಇಮೇಲಿನ ವಿಷಯ. ಆ ದಿನ ನೀನು ಮಂಚದ ಪಕ್ಕ ಕೂತೆ, ಅಪ್ಪನ ಕೈ ಹಿಡಿದೆ. ಅವರು ನಿನ್ನನ್ನು ಗುರುತು ಹಿಡಿದರು. ಆಮೇಲೆ ‘ಮನಿ, ಮನಿ’ ಎಂದರು. ಕೈ ಎತ್ತಿ ನಿನ್ನ ಬ್ಯಾಗನ್ನು ತೋರಿಸಿ ಮತ್ತೆ ಅದನ್ನೇ ಅಂದರು. ನರ್ಸ್ ಕೂಡ, ಪಾಪ ಬೆಳಗಿನಿಂದ ದುಡ್ಡಿನದೇ ಚಿಂತೆ ಮಾಡುತ್ತಿದ್ದಾರೆ ಎಂದಳು. ನೀನು ಬಾಡಿಗೆಗಿರುವ ಕಡಲ ದಂಡೆಯ ಮನೆಯನ್ನೇ ಕೊಳ್ಳಲು ಜನವರಿಯಲ್ಲಿ ಮುಂಗಡಕ್ಕೆ ಸಹಾಯ ಕೇಳಿದ್ದೆಯಲ್ಲ, ಸಾಯುವಾಗಲೂ ಅಪ್ಪ ಅದನ್ನೇ ಎತ್ತಿ ಆಡಿದರು, ನನ್ನನ್ನು ದುಡ್ಡಿಗೆ ಬಂದವಳು ಎಂದರು ಎಂದುಕೊಂಡು ನೀನು ಎದ್ದು ಹೋದೆ. ಅಂಥ ಮಾತು ಅಂಟಿಕೊಂಡಿರುವ ಮನೆಯಲ್ಲಿ ಬಾಳಲಾರೆ, ಈ ತಿಂಗಳ ಕೊನೆಗೆ ಸಹಿ ಹಾಕುವುದಿಲ್ಲ ಎಂದು ವಕೀಲರಿಗೆ ಹೇಳುತ್ತೇನೆ ಎಂದು ಬರೆದಿದ್ದೀಯ.

ಅಯ್ಯೋ ನನ್ನ ಕಂದ. ಅದು ಇಂಗ್ಲಿಷ್ ಅಲ್ಲ.

ನಿನಗೆ ಐದು ವರ್ಷವಿದ್ದಾಗ ಸ್ಟಾಫರ್ಡಿನಲ್ಲಿ ಸುಶೀಲಮ್ಮ ಆಂಟಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಊಟವಾದ ಮೇಲೆ ನಿಮ್ಮಪ್ಪ ಎದ್ದು, “ನಡೀರಿ, ಮನಿಗೆ ಹೋಗೂಣು” ಎಂದರು. ನೀನು ಅವರ ಅಂಗಿ ಜಗ್ಗಿ, ಎಷ್ಟು ಮನಿ ಅಪ್ಪಾ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಹಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಶೀಲಮ್ಮ, “ಹೇಳಿ ಗದಿಗೆಪ್ಪನೋರೇ, ಮಗು ಲೆಕ್ಕ ಕೇಳ್ತಿದೆ” ಎಂದು ಇನ್ನಷ್ಟು ನಗಿಸಿದರು. ನಿನ್ನನ್ನೇ ನೋಡಿ ನಗುತ್ತಿದ್ದಾರೆಂದು ನೀನು ಸೋಫಾದ ಹಿಂದೆ ಅವಿತು ಕೂತೆ, ಎಷ್ಟು ಕರೆದರೂ ಹೊರಗೆ ಬರಲಿಲ್ಲ. ನಿನಗೆ ನೆನಪಿರಲಾರದು.

ಅವತ್ತಿನಿಂದ ನಿನ್ನ ಮುಂದೆ ಅವರು ‘ಮನಿ’ ಎನ್ನಲಿಲ್ಲ. ‘ಮನೆ’ ಎಂದರು, ಅದೂ ‘ನೆ’ಯನ್ನು ಒತ್ತಿ, ಶಾಲೆಯ ಹುಡುಗನ ಹಾಗೆ. ನಾನು ಮೈಸೂರಿನವಳು, ಬಿಡುತ್ತೇನೆಯೇ? “ಏನ್ರೀ, ನಮ್ಮ ಕಡೆಯೋರಾಗ್ಬಿಟ್ರಾ?” ಎಂದು ರೇಗಿಸಿದೆ. “ಕೂಸಿಗೆ ನಾಚಿಕಿ ಆಗತೈತಿ, ಬಿಡ. ಒಂದ ಅಕ್ಷರಕ್ಕ ಏನಾಗತೈತಿ?” ಎಂದರು. ನೀನು ಆಸ್ಟಿನ್‌ಗೆ ಓದಲು ಹೋದ ಮೇಲೂ ಫೋನಿನಲ್ಲಿ ‘ಮನೆಗೆ ಯಾವಾಗ ಬರ್ತಿ’ ಎಂದೇ ಕೇಳುತ್ತಿದ್ದರು. ಫೋನ್ ಇಟ್ಟ ಮೇಲೆ ನನ್ನ ಹತ್ತಿರ, “ಮನಿಗೆ ಬರ್ತಾಳಂತ” ಎನ್ನುತ್ತಿದ್ದರು.

ಸ್ಟ್ರೋಕ್ ಆದಾಗ ಇಷ್ಟು ವರ್ಷದ ಇಂಗ್ಲಿಷ್ ಹೋಯಿತು. ನಿನಗಾಗಿ ಕಲಿತ ಆ ‘ನೆ’ಯೂ ಹೋಯಿತು. ಉಳಿದದ್ದು ಊರಿನ ನಾಲ್ಕು ಮಾತು: ನೀರ, ಸಾಕ, ನನ್ನ ಹೆಸರು, ಮನಿ. ನಾನು ದಿನಾ ಕೇಳುತ್ತಿದ್ದೆನಾದ್ದರಿಂದ ಅದನ್ನು ನಿನಗೆ ಬಿಡಿಸಿ ಹೇಳಬೇಕೆಂದು ಹೊಳೆಯಲೇ ಇಲ್ಲ. ಗದಗಿನವರ ಮಗಳಿಗೆ ಮನಿ ಎಂದರೆ ಮನೆ ಎಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಅವರು ಮನೆ ಎಂದರು, ನಿಹಾ. ದುಡ್ಡಿನ ಮಾತು ಆ ಬಾಯಲ್ಲಿ ಬರಲಿಲ್ಲ. ಯಾವ ಮನೆ ಎಂದು ಕೇಳಬೇಡ. ಆಸ್ಪತ್ರೆಯಲ್ಲಿ ಮಲಗಿದವರಿಗೆಲ್ಲ ಮನೆಗೆ ಹೋಗುವ ಆಸೆ ಇರುತ್ತದೆ, ಅಷ್ಟೆಂದುಕೋ. ಕೈ ಎಲ್ಲಿ ತೋರಿಸಿತು, ಏಕೆ ತೋರಿಸಿತು ಎಂದೆಲ್ಲ ಕೆದಕಬೇಡ. ಕಾಯಿಲೆಯವರ ಕೈ ಎಲ್ಲಿಗೋ ಹೋಗುತ್ತದೆ.

ಜನವರಿಯ ಜಗಳದಲ್ಲೂ ಅವರು ಇಲ್ಲ ಎಂದಿರಲಿಲ್ಲ. “ಮೊದಲು ಮನೆ ನೋಡಬೇಕು, ಆಮೇಲೆ ಮಾತು” ಎಂದರು. ನಿನಗೆ ಅದು ಅನುಮಾನದ ಮಾತಾಗಿ ಕೇಳಿಸಿತು, ಫೋನ್ ಕುಕ್ಕಿದೆ. ಅವರಿಗೆ ಮನೆ ನೋಡುವುದೆಂದರೆ ಮಂಡಿಯೂರಿ ಬುಡ ನೋಡುವುದು. ಮಗಳು ಕಡಲ ಪಕ್ಕ ಮನೆ ಕೊಳ್ಳುತ್ತಾಳೆಂದರೆ ಅಲ್ಲಿಯ ದಂಡೆ ಗಟ್ಟಿಯಿದೆಯೋ ಕುಸಿಯುತ್ತಿದೆಯೋ ಎಂದು ನೋಡದೆ ಅವರಿಗೆ ನಿದ್ದೆ ಬರುತ್ತಿತ್ತೇ? ಮೇ ತಿಂಗಳಿಗೆ ಟಿಕೆಟ್ ಮಾಡಿಸಿದ್ದರು. ನಿನಗೆ ಹೇಳಬೇಡ, ಬಾಗಿಲಿಗೆ ಹೋಗಿ ನಿಲ್ಲೋಣ ಎಂದಿದ್ದರು. ಚಳಿಗೆಂದು ಕೊಂಡ ಉಣ್ಣೆ ಟೋಪಿ ಬೀರುವಿನಲ್ಲಿ ಬೆಲೆಯ ಚೀಟಿ ಸಮೇತ ಇದೆ.

ನಿನ್ನ ಹಳ್ಳಿಯ ಹೆಸರು ಇನ್ನೂ ನನ್ನ ನಾಲಿಗೆಗೆ ತಿರುಗುವುದಿಲ್ಲ. ಬಸ್ಸು ದಿನಕ್ಕೆ ಎರಡೇ ಸಲ, ಇರುವ ಒಂದು ಅಂಗಡಿ ನಾಲ್ಕಕ್ಕೇ ಬಾಗಿಲು ಹಾಕುತ್ತದೆ, ಚಳಿಗಾಲದಲ್ಲಿ ಅರ್ಧ ಮನೆಗಳಲ್ಲಿ ದೀಪವೇ ಇರುವುದಿಲ್ಲ ಎಂದು ನೀನು ಬರೆದಾಗ, ಇದೇನು ಮಸಣವೇ ಎಂದು ಬೈದವಳು ನಾನು. ಆ ಸದ್ದಿಲ್ಲದ ಜಾಗವೇ ನಿನಗೆ ಬೇಕೆಂದರೆ ನಾನು ಯಾರು ಬೇಡ ಎನ್ನಲು. ಆ ದೇಶದಲ್ಲಿ ಮಾತುಕತೆ ಆದ ಮೇಲೂ ತಿಂಗಳುಗಟ್ಟಲೆ ವಕೀಲರು ಕಾಗದ ನೋಡುತ್ತಾರಂತೆ, ಸಹಿ ಬೀಳುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದಂತೆ. ಸರಿಯುವುದಾದರೆ ಸರಿ. ಗೋಡೆ ಸರಿಯಿಲ್ಲ ಎಂದು ಬಿಡು, ಚಳಿ ತಡೆಯಲಾಗದು ಎಂದು ಬಿಡು. ನಿಮ್ಮಪ್ಪ ಆಡದ ಮಾತಿಗಾಗಿ ಮಾತ್ರ ಬಿಡಬೇಡ.

ಈ ಪತ್ರದಿಂದ ನಿನಗೆ ನೆಮ್ಮದಿ ಸಿಗುತ್ತದೋ ಇನ್ನಷ್ಟು ನೋವಾಗುತ್ತದೋ ನನಗೆ ಗೊತ್ತಿಲ್ಲ. ಅವರು ತಿರುಗಿ ಬಂದು ಇನ್ನೊಂದು ಸಲ ಅದನ್ನೇ ಹೇಳುವುದಿಲ್ಲ, ನೀನು ಇನ್ನೊಂದು ಸಲ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ. ನಿನ್ನ ಮೇಲಿನ ಸಿಟ್ಟು ಮಾತ್ರ ಶುಕ್ರವಾರವೇ ಹೋಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ ಅಮ್ಮ,
ವಸಂತಾ

ತಾ.ಕ.: ಲಕೋಟೆಗೆ ಅಂಟು ಹಾಕಿ ಈಗ ಮತ್ತೆ ಹರಿದಿದ್ದೇನೆ. ಯಾವ ಮನೆ ಎಂದು ಕೇಳಬೇಡ ಎಂದೆನಲ್ಲ, ಅದು ಸುಳ್ಳು. ನನಗೆ ಗೊತ್ತು.

ನೀನು ಕಳಿಸಿದ್ದ ನಿನ್ನ ಮನೆಯ ವೀಡಿಯೊವನ್ನು ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ಅವರಿಗೆ ತೋರಿಸುತ್ತಿದ್ದೆ. ನನ್ನ ಬ್ಯಾಗಿನ ಜಿಪ್ಪಿನ ಸದ್ದಾದರೆ ಸಾಕು, ಕೈ ಎತ್ತಿ ಬ್ಯಾಗನ್ನು ತೋರಿಸಿ “ಮನಿ” ಎನ್ನುತ್ತಿದ್ದರು. ಫೋನ್ ತೆಗೆದು ತೋರಿಸಿದರೆ ಸುಮ್ಮನಾಗುತ್ತಿದ್ದರು. ಅಡಿಗೆಮನೆಯ ಕಿಟಕಿ ಬಂದಾಗ ಮಾತ್ರ ಬೆರಳಿಟ್ಟು ನಿಲ್ಲಿಸುತ್ತಿದ್ದರು. ಸಮುದ್ರ ನೋಡುತ್ತಿದ್ದಾರೆ ಎಂದುಕೊಂಡಿದ್ದೆ. ಮೊನ್ನೆ ನಾನೇ ಅಲ್ಲಿ ನಿಲ್ಲಿಸಿ ನೋಡಿದೆ. ಕಿಟಕಿಯ ಕೆಳಗೆ ಗೋಡೆಯಲ್ಲಿ ಓರೆಯಾಗಿ ಒಂದು ಬಿರುಕಿದೆ.

ನಿನ್ನ ಫೋನ್ ಆವತ್ತು ಬ್ಯಾಗಿನಲ್ಲೇ ಇತ್ತಲ್ಲವೇ?

ಸಹಿ ಹಾಕುವ ಮೊದಲು ಆ ಬಿರುಕನ್ನು ಯಾರಿಗಾದರೂ ತೋರಿಸು. ಪತ್ರ ಸಿಕ್ಕಿದ ದಿನ ವೀಡಿಯೊ ಕಾಲ್ ಮಾಡು. ಮಾತಾಡಲು ಆಗದಿದ್ದರೆ ಬೇಡ, ಫೋನ್ ಆ ಕಿಟಕಿಯ ಕಡೆ ತಿರುಗಿಸಿ ಹಿಡಿ. ನನಗೆ ಮನಿ ತೋರಿಸು.