ನಗದೆ ಕೂರಬೇಕಾದ ಅರ್ಧ ಗಂಟೆ

ಗದಗ, ೨೨೩೧ನೇ ಇಸವಿ, ಎರಡನೇ ಏಪ್ರಿಲ್‌ನ ಮೂವತ್ತೆರಡು

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ನೀಲವ್ವನ ನಮಸ್ಕಾರ.

ನಮ್ಮ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಾನು ಓದಿದ್ದು ಏಳನೇ ಇಯತ್ತೆ. ದಿನಚರಿ ಬಿಟ್ಟು ಬೇರೇನೂ ಬರೆದವಳಲ್ಲ. ಆದರೆ ಇವತ್ತಿನ ಸಂಗತಿ ದಿನಚರಿಯಲ್ಲಿ ಹಿಡಿಸಲಿಲ್ಲ.

ನಮ್ಮಲ್ಲಿ ‘ಇಳಿಹೊತ್ತು’ ಎಂಬ ಪದ್ಧತಿ ಇದೆ. ಜನರನ್ನು ನಗಿಸಿ ವೇದಿಕೆಯಿಂದ ಇಳಿದವರನ್ನು ನಾವು ಒಂಟಿಯಾಗಿ ಮನೆಗೆ ಕಳಿಸುವುದಿಲ್ಲ. ನೋಡಿದವರಲ್ಲಿ ಒಬ್ಬರು ಅರ್ಧ ಗಂಟೆ ಜೊತೆಗೆ ಕೂತು, ಮಂಡಕ್ಕಿಯ ಗಿರಮಿಟ್ಟು ತಿನ್ನುತ್ತ, ಹೇಗಿದ್ದೀರಿ ಎಂದು ಕೇಳಬೇಕು. ಇಬ್ಬರೂ ನಗುವಂತಿಲ್ಲ. ನಕ್ಕರೆ ಮರಳಿನ ಗಡಿಯಾರ ತಿರುವಿಟ್ಟು ಮೊದಲಿನಿಂದ ಶುರು. ಎಷ್ಟೋ ನಗೆಗಾರರು ಮನಸ್ಸಿಗೆ ಮಂಕು ಕವಿದು, ಕುಡಿದು, ಗುಳಿಗೆ ನುಂಗಿ ಹೋದ ಮೇಲೆ ಬಂದ ನಿಯಮ ಇದು.

ನನ್ನ ಅಣ್ಣ ಚನ್ನವೀರ ದೊಡ್ಡ ನಗೆಗಾರ. ಮೂರು ವರ್ಷದ ಹಿಂದೆ ಅವನ ಕಡೆಯ ಇಳಿಹೊತ್ತಿಗೆ ಕೂತವಳು ನಾನೇ. ಹೇಗಿದ್ದೀ ಎಂದು ಕೇಳಿದೆ. “ಮುಂಜಾನೆ ಬಾಟ್ಲಿನ ಮೊದ್ಲ ಏಳ್ತೈತಿ, ಆಮ್ಯಾಲ ನನ್ನ ಎಬ್ಬಸ್ತೈತಿ. ನೀ ಎಂದರ ಹಂಗ ಮುದ್ದಿಲೆ ಎಬ್ಬಿಸೀಯೇನ ನೀಲಾ?” ಅಂದ. ಹೊಟ್ಟೆ ಹಿಡಿದುಕೊಂಡು ನಕ್ಕೆ. ತಂಗಿಯಲ್ಲವೇ, ಗಡಿಯಾರ ತಿರುವದೆ ಬಿಟ್ಟೆ. ಹದಿನೈದು ದಿನದಲ್ಲಿ ಕುಡಿತ ಅವನನ್ನು ಮುಗಿಸಿತು.

ಇವತ್ತು ಮಧ್ಯಾಹ್ನ ಅವನ ಮಗಳು ತುಂಗಾ ನಮ್ಮೂರಿನಲ್ಲಿ ಮೊದಲ ಸಲ ವೇದಿಕೆ ಹತ್ತಿದಳು. ಜನ ಬೆಂಚು ಬಡಿದು ಬಡಿದು ನಕ್ಕರು. ಇಳಿಹೊತ್ತಿಗೆ ನಾನೇ ಹಟ ಹಿಡಿದು ಕೂತೆ.

“ಅತ್ತಿ, ನೀ ಹಿಂಗ ಮಾರಿ ಗಂಟ್ ಹಾಕ್ಕೊಂಡ್ರ ಗಿರಮಿಟ್ನಾಗಿನ ಮೆಣಸಿನಕಾಯಿನೂ ಅಂಜ್ತಾವ” ಅಂದಳು. ನಗು ಬಂದೇ ಬಂತು. ಗಡಿಯಾರ ತಿರುವಿದೆ. ಇನ್ನೊಂದು ಹೇಳಿದಳು, ಮತ್ತೆ ನಕ್ಕೆ, ಮತ್ತೆ ತಿರುವಿದೆ. ಅವಳಿಗೆ ಸಿಟ್ಟು ಬಂತು.

“ಸಾಕ್ ಬಿಡ ಅತ್ತಿ. ಹೊರಗ ಮಂದಿ ಕಾಯಾಕತ್ತಾರ.”

“ಕಾಯ್ಲಿ. ನಿಮ್ಮಪ್ಪನ್ನ ಹಿಂಗ ಬಿಟ್ ಕೆಟ್ಟೇನಿ.”

ಅರ್ಧ ಮರಳು ಇಳಿಯುವ ತನಕ ಅವಳು ಗಿರಮಿಟ್ಟಿನಲ್ಲಿನ ಮೆಣಸಿನಕಾಯಿ ಆರಿಸಿ ಆರಿಸಿ ಬದಿಗಿಟ್ಟಳು. ಆಮೇಲೆ, “ಮಂದಿ ನಗೂದು ನಿಂತ್ ಕೂಡ್ಲೇ ಎದಿ ಖಾಲಿ ಆಗ್ತೈತಿ ಅತ್ತಿ. ಒಂದ್ ತಿಂಗಳಾತು, ನಾನೂ ಕುಡ್ಯಾಕತ್ತೀನಿ” ಅಂದಳು.

ನಾಳೆ ಬೆಳಿಗ್ಗೆ ನಾವಿಬ್ಬರೂ ವೈದ್ಯರ ಹತ್ತಿರ ಹೋಗುತ್ತೇವೆ. ಜೊತೆಗೆ ಬರುತ್ತೀಯಾ ಎಂದು ಅವಳೇ ಕೇಳಿದಳು. ಅಣ್ಣ ಹೋದ ಮೇಲೆ ಇಷ್ಟು ಸಂತೋಷದಿಂದ ನಾನು ಪೆನ್ನು ಹಿಡಿದದ್ದೇ ಇಲ್ಲ, ಅಕ್ಷರಗಳೆಲ್ಲ ಸೊಟ್ಟಗಾಗಿವೆ.

ನಿಮ್ಮ ಕಾಲಕ್ಕೆ ಈ ಪದ್ಧತಿ ಇನ್ನೂ ಬಂದಿಲ್ಲ. ಬರಲಿ ಎಂದು ಕಾಯಬೇಡಿ. ನಿಮ್ಮ ಮನೆಯಲ್ಲೋ ಗೆಳೆಯರಲ್ಲೋ ಎಲ್ಲರನ್ನೂ ನಗಿಸುವವರು ಒಬ್ಬರು ಇದ್ದೇ ಇರುತ್ತಾರೆ. ಹೇಗಿದ್ದೀ ಎಂದು ಅವರನ್ನು ಕೇಳಿ. ಉತ್ತರಕ್ಕೆ ನಗು ಬಂದರೆ ನಕ್ಕುಬಿಡಿ. ನಕ್ಕಾದ ಮೇಲೆ ಇನ್ನೊಂದು ಸಲ ಕೇಳಿ.