ಆರು ಹಿಟ್ ಕಡಿಮೆ

ಡಿಸೆಂಬರ್ 2, 1997

ಮೆಟ್ಟಿಲ ಮೇಲಿನ ಹಿಮ ಗೋರಿದೆ. ಬೆನ್ನು ಹಿಡಿದುಕೊಂಡಿದೆ. ಅಂಚೆಯಲ್ಲಿ ಬೇಸ್‌ಬಾಲ್ ದಿಗ್ಗಜರನ್ನು ಆರಿಸುವ ಹಾಲ್ ಆಫ್ ಫೇಮ್ ಮತಪತ್ರ. ಪತ್ರಿಕೆ ನನ್ನನ್ನು ಮನೆಗೆ ಕಳಿಸಿ ಏಳು ವರ್ಷವಾಯಿತು, ಆದರೆ ಬೇಸ್‌ಬಾಲ್ ವರದಿಗಾರನ ಈ ಹಕ್ಕು ಸಾಯುವವರೆಗೂ ಉಂಟು.

ಪಟ್ಟಿಯ ಕೆಳಗೆ ನಮ್ಮೂರ ತಂಡದ ಹಳೆಯ ಆಟಗಾರ ರೂಫಸ್ ಟಾಲಿವರ್. ಪಟ್ಟಿಯಲ್ಲಿ ಅವನ ಹದಿನೈದನೆಯ ವರ್ಷ, ಅಂದರೆ ಕಡೆಯ ಸಲ. ನೂರಕ್ಕೆ ಎಪ್ಪತ್ತೈದು ಮತ ಬೀಳದಿದ್ದರೆ ಮುಗಿಯಿತು. ಕಳೆದ ವರ್ಷ ಅರವತ್ತೊಂಬತ್ತು ಬಿದ್ದಿತ್ತು.

ಇನ್ನೊಂದು ಪತ್ರವೂ ಬಂತು. ನಮ್ಮೂರ ವರದಿಗಾರರ ಸಂಘದ ಜನವರಿ ಔತಣದಲ್ಲಿ ನನಗೆ ಸನ್ಮಾನವಂತೆ. ‘ನಿಷ್ಪಕ್ಷಪಾತ ಸ್ಕೋರರ್’ ಎಂದು ಫಲಕ. ಹೆಂಡತಿ ಇರ್ಮಾ ಓದಿ ಕೆನ್ನೆಗೆ ಮುತ್ತಿಟ್ಟಳು. ಪತ್ರವನ್ನು ಮತಪತ್ರದ ಕೆಳಗೆ ಸರಿಸಿದೆ.

ಡಿಸೆಂಬರ್ 5

ಹಳೆಯ ವರದಿಗಾರ ಗೆಳೆಯ ಗಸ್ ಜೊತೆ ಊಟ. ಅವನಿಗೂ ಮತ ಇದೆ. ಟಾಲಿವರ್ ಮಾತು ನಾನೇ ಎತ್ತಿದೆ.

“ಒಳ್ಳೆ ಆಟಗಾರ ಕಣಯ್ಯಾ, ಯಾರು ಇಲ್ಲ ಅಂದ್ರು?” ಬಾಯ್ತುಂಬ ಸಾಸೇಜು ಅವನಿಗೆ. “ಆದ್ರೆ ಒಟ್ಟು ಎರಡು ಸಾವಿರದ ಒಂಬೈನೂರ ತೊಂಬತ್ನಾಲ್ಕು ಹಿಟ್. ಇನ್ನಾರು ಹೊಡ್ದು ಮೂರು ಸಾವಿರ ಮುಟ್ಟಿದ್ರೆ ಕಣ್ಮುಚ್ಕೊಂಡು ಗುರುತು ಹಾಕ್ತಿದ್ದೆ.”

“ಆರೇ ಆರು, ಗಸ್.”

“ಆರಾದ್ರೇನು, ಒಂದಾದ್ರೇನು? ನೀನೇ ಹೀಗಂದ್ರೆ ಹೆಂಗಯ್ಯಾ? ನಮ್ಮೂರ ಹುಡುಗ್ರಿಗೆ ಒಂದು ಹಿಟ್ ಕೂಡ ಬಿಟ್ಟಿ ಕೊಡದ ಮಹಾರಾಯ ನೀನು!”

ಬಿಲ್ ನಾನೇ ಕೊಟ್ಟು ಎದ್ದು ಬಂದೆ.

ಡಿಸೆಂಬರ್ 6, ಮಧ್ಯಾಹ್ನ

ಬರೆದುಬಿಡುತ್ತೇನೆ. ಇಲ್ಲಿ ಯಾರು ಓದುತ್ತಾರೆ?

ಆಗೆಲ್ಲ ಊರಿನ ವರದಿಗಾರನೇ ಅಧಿಕೃತ ಸ್ಕೋರರ್. ಬ್ಯಾಟ್ಸ್‌ಮನ್ ಹೊಡೆದು ಓಡಿದ, ಫೀಲ್ಡರ್ ಚೆಂಡು ತಡವಿದ. ಅದು ಹೊಡೆದವನ ಖಾತೆಗೆ ‘ಹಿಟ್’ ಆಯಿತೋ, ಹಿಡಿಯುವವನ ತಪ್ಪು ‘ಎರರ್’ ಆಯಿತೋ? ಮೇಲೆ ಪ್ರೆಸ್ ಬಾಕ್ಸ್‌ನಲ್ಲಿ ಕೂತವನು ಹೇಳಿದ್ದೇ ಕೊನೆ. ಸಂಶಯ ಬಂದರೆ ಸ್ವಂತ ಊರಿನವನಿಗೆ ಹಿಟ್ ಕೊಡುವುದು ಎಲ್ಲ ಊರಿನಲ್ಲೂ ರೂಢಿ. ನಾನು ಕೊಡಲಿಲ್ಲ. ಅದಕ್ಕೇ ಹೆಸರು ಬಂತು.

1973ರ ಜೂನ್. ಟಾಲಿವರ್ ಕುಂಟುವುದು ನಾಟಕ ಎಂದು ಬರೆದೆ. ಅವನ ಮೊಣಕಾಲು ನಿಜವಾಗಿಯೂ ಹೋಗಿತ್ತು. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಹೇಳಿದರು. ಲೇಖನ ಬಂದ ಮರುದಿನ ಲಾಕರ್ ರೂಮಿನಲ್ಲಿ ಅವನು ಬೆಂಚು ಹತ್ತಿ ಅದನ್ನು ಓದಿದ, ನನ್ನದೇ ಮೂಗಿನ ದನಿಯಲ್ಲಿ. ತಂಡವೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕಂತೆ ಮಾಡಿದೆ.

ಆಮೇಲೆ ಆ ಬೇಸಿಗೆಯೆಲ್ಲ ಅವನ ಅನುಮಾನದ ಹೊಡೆತಗಳು ಬಂದಾಗ ನನ್ನ ಕೈ ‘ಎರರ್’ ಎಂದೇ ಬರೆಯಿತು. ಕೈ ಅಂತೆ! ನಾನೇ ಬರೆದೆ. ಅವನು ಕರಿಯ. ನನ್ನ ಸಿಟ್ಟಿನಲ್ಲಿ ಅದೂ ಸೇರಿತ್ತೇ? ಇಲ್ಲ ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ.

ಡಿಸೆಂಬರ್ 9

ಅಟ್ಟದಿಂದ ಹಳೆಯ ಸ್ಕೋರ್ ಪುಸ್ತಕ ಇಳಿಸಿದೆ. ಖಂಡಿತ ಹಿಟ್ ಎಂದು ಗೊತ್ತಿದ್ದೂ ಎರರ್ ಕೊಟ್ಟವು... ಏಳು. ಒಂದಂತೂ ಶಾರ್ಟ್‌ಸ್ಟಾಪ್ ಫೀಲ್ಡರನ ಕೈಗವಸನ್ನೇ ಕಿತ್ತುಕೊಂಡು ಹೋದ ಚೆಂಡು. ಅವನಿಗೆ ಬೇಕಾಗಿದ್ದುದು ಆರು.

ಡಿಸೆಂಬರ್ 19

ಪತ್ರಿಕೆಗೆ ಪತ್ರ ಬರೆದೆ. ಏಳೂ ತಾರೀಖು ಹಾಕಿದೆ. ಈಗಲೇ ಅಚ್ಚಾದರೆ ಗಸ್‌ನಂಥವರು ನೂರು ಜನರಾದರೂ ಮನಸ್ಸು ಬದಲಿಸುತ್ತಾರೆ. ಇರ್ಮಾಗೆ ತೋರಿಸಿದೆ. ಎರಡು ಸಲ ಓದಿದಳು. ಕನ್ನಡಕ ತೆಗೆದಿಟ್ಟಳು.

“ಇದನ್ನ ಕಳಿಸ್ತೀಯೋ, ಇಲ್ಲ ಮಡಿಚಿಟ್ಕೊಂಡು ದಿನಾ ನೋಡ್ತಾ ಕೊರಗ್ತೀಯೋ?”

“ಕಳಿಸ್ತೀನಿ ಕಣೇ.”

“ಯಾವಾಗ?”

“ಔತಣ ಒಂದು ಮುಗೀಲಿ...”

“ಹೂಂ. ಊಟ ಮುಖ್ಯ,” ಎಂದಳು. ಮುಖ ನೋಡಲಿಲ್ಲ.

ಡಿಸೆಂಬರ್ 31

ಮತಪತ್ರಕ್ಕೆ ಇಂದೇ ಅಂಚೆ ಮುದ್ರೆ ಬೀಳಬೇಕು. ಟಾಲಿವರ್ ಹೆಸರಿಗೆ ಗುರುತು ಹಾಕಿದೆ. ಒಬ್ಬನಿಗೇ. ಡಬ್ಬಿಗೆ ಹಾಕುವಾಗ ದೊಡ್ಡ ಕೆಲಸ ಮಾಡಿದವನಂತೆ ಎದೆ ಹಗುರವಾಯಿತು. ಪತ್ರಿಕೆಗೆ ಬರೆದ ಪತ್ರ ಕೋಟಿನ ಜೇಬಿನಲ್ಲೇ ಇತ್ತು. ಅದೇ ಡಬ್ಬಿ, ಅದೇ ಬಾಯಿ. ಹಾಕಲಿಲ್ಲ.

ಜನವರಿ 6, 1998

ಟಾಲಿವರ್‌ಗೆ ಐದು ಮತ ಕಡಿಮೆ.

ಜನವರಿ 24

ಔತಣ. ಕೋಳಿ ಒಣಕಲು. ಚಪ್ಪಾಳೆ ಜೋರು. ಗಸ್ ಭಾಷಣ ಮಾಡಿದ: “ಟಾಲಿವರ್‌ನಂಥ ಟಾಲಿವರ್‌ಗೂ ಮುಲಾಜು ನೋಡದ ಮನುಷ್ಯ!” ಎಲ್ಲರೂ ಎದ್ದು ನಿಂತರು. ನಾನೂ ತಲೆಬಾಗಿ ಕೈ ಕುಲುಕಿದೆ. ನಾಚಿಕೆ ಇಲ್ಲದವನು ನಾನು. ಇರ್ಮಾ ಬಂದಿರಲಿಲ್ಲ, ತಲೆನೋವು ಎಂದಿದ್ದಳು.

ಜನವರಿ 26, ಸಂಜೆ 4

ಟಾಲಿವರ್ ಮನೆಗೆ ಹೋಗಿದ್ದೆ. ನಲವತ್ತು ಮೈಲಿ. ದಾರಿಯುದ್ದಕ್ಕೂ ಅವನು ಮನೆಯಲ್ಲಿರದಿರಲಿ ಎಂದು ಬೇಡಿಕೊಂಡೆ. ಅವನೇ ಬಾಗಿಲು ತೆಗೆದ. ಕೋಲು ಹಿಡಿದಿದ್ದ. ತಲೆ ಪೂರ್ತಿ ಬಿಳಿ.

“ಓಹೋ, ಹಲುಸ್ಕಾ! ಒಳಗ್ ಬಾರಯ್ಯಾ, ಚಳಿ ನುಗ್ತಿದೆ. ನನಗೆ ಮತ ಹಾಕಿದ್ಯಂತೆ, ಗಸ್ ಹೇಳ್ದ.”

ಕಾಫಿ ಕೊಟ್ಟ. ಅದು ಆರುವ ಮೊದಲೇ ಹೇಳಿದೆ. ಜೂನ್ ತಿಂಗಳು, ಬೆಂಚು, ನಗು, ಏಳು ಹೊಡೆತ, ಡಿಸೆಂಬರ್‌ನಲ್ಲಿ ಅಟ್ಟದಿಂದ ಇಳಿಸಿದ ಪುಸ್ತಕ, ಎಲ್ಲ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಏಳಾ?” ಎಂದ. “ನನ್ನ ಲೆಕ್ಕದಲ್ಲಿ ಹನ್ನೊಂದು.”

“ನಿನಗೆ ಗೊತ್ತಿತ್ತಾ?”

“ಹೊಡ್ದವ್ನಿಗೆ ಗೊತ್ತಾಗಲ್ವೇನಯ್ಯಾ? ಅಂಗೈಗೇ ಗೊತ್ತಾಗತ್ತೆ.”

“ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?”

“ಎಪ್ಪತ್ಮೂರರಲ್ಲಿ? ನಾನು ಹೇಳಿದ್ರೆ? ಅಳುಬುರುಕ ಕರಿಯ ಅಂತ ಮಾರನೇ ದಿನ ನೀನೇ ಬರೀತಿದ್ದೆ.”

ನಿಜ. ಬರೆಯುತ್ತಿದ್ದೆ.

ಕಿಟಕಿಯ ಕಡೆ ನೋಡುತ್ತ ಕೂತ. ಮೊಣಕಾಲು ನೀವಿಕೊಳ್ಳುತ್ತಿದ್ದ. ಆಮೇಲೆ ಮೆತ್ತಗೆ ಕೇಳಿದ, ನಿಜವಾಗಿ ತಿಳಿಯಬೇಕೆಂಬಂತೆ.

“ಒಂದು ಹೇಳು. ಇದು ನಿನಗೆ ಡಿಸೆಂಬರ್‌ನಲ್ಲೇ ಗೊತ್ತಿತ್ತಲ್ಲ? ಆಗಲೇ ಯಾಕೆ ಬರ್ಲಿಲ್ಲ?”

ನಾನು ಹೇಳಿದೆ, ಸಂಘದವರು ನನಗೊಂದು ಫಲಕ ಕೊಡುವವರಿದ್ದರು, ಅದಕ್ಕೆ.