ಮಧ್ಯಾಹ್ನ ಮಲಗುವ ಊರು

ಮಾರ್ಚ್ 3, ಸೋಮವಾರ. ಬೆಳಗಿನ ಆರು

ಎಂದಿನಂತೆ ಮೂರೂವರೆಗೆ ಎದ್ದೆ. ಚೌಕದಲ್ಲಿ ರುಫಿನಾ ಅಜ್ಜಿಯ ಒಲೆ, ಗ್ವಾಯೂಸಾ ಎಲೆಯ ಕಷಾಯ, ತಲೆಗೆ ಎರಡೆರಡು ಸೋರೆ ಬುರುಡೆ ತುಂಬ. ಕನಸು ಹೇಳುವ ಸರದಿ ಬಡಗಿ ಸೆಗುಂಡೋನದು. ಹಲ್ಲು ಉದುರಿದ ಹಾಗೆ ಕಂಡಿತಂತೆ. ಇವತ್ತು ಹೊಳೆಗಿಳಿಯಬೇಡ ಅಂದಳು ಅಜ್ಜಿ. ಬಲೆ ಮಡಚಿಟ್ಟ.

ಐದಕ್ಕೆ ಬಸ್ಸು ಹೊರಟಿತು. ತುಂಬಿ.

ಡ್ರೈವರ್ ತಂದ ಸುದ್ದಿ: ಗುರುವಾರ ಸಾರಿಗೆ ಅಧಿಕಾರಿ ಬರುತ್ತಾನೆ. ನಮ್ಮೂರು ಸಾನ್ ಎಲೋಯ್‌ಗೆ ಬಸ್ಸು ಬೇಕೋ ಬೇಡವೋ ತೀರ್ಮಾನಿಸಲು. ನಡುಮಧ್ಯಾಹ್ನ ಬಂದು ನೋಡುತ್ತಾನಂತೆ!

ನಮ್ಮ ಅಂಚೆ ಕಚೇರಿ ಹೋದದ್ದೂ ಹೀಗೆಯೇ. ಆಗ ನಾನೇ ಪೋಸ್ಟ್ ಮಾಸ್ಟರ್. ಬಂದವನು ಮುಚ್ಚಿದ ಬಾಗಿಲುಗಳನ್ನು ನೋಡಿ "ನಿದ್ದೆಯ ಊರು" ಎಂದು ಬರೆದ. ಮೂರೂವರೆಗೆ ಎದ್ದವರು ಮಧ್ಯಾಹ್ನ ಮಲಗದೆ ಕುಣಿಯಬೇಕಿತ್ತೆ? ಬೆಟ್ಟದ ಮೇಲಿನ ಸರ್ಕಾರಿ ಕಚೇರಿಯವರಿಗೆ ಬೆಟ್ಟದ ಬುಡದ ನಮ್ಮ ಗಡಿಯಾರ ಎಂದೂ ಗೊತ್ತಾಗಿಲ್ಲ.

ಬಸ್ಸೂ ಹೋದರೆ ಹಣ್ಣು ಪೇಟೆ ಕಾಣದು. ಬಸುರಿಯರು ಆಸ್ಪತ್ರೆ ಕಾಣರು.

ಮಾರ್ಚ್ 4

ಸಭೆ. ಊರಿನ ಅಧ್ಯಕ್ಷ ಅಬ್ದೋನ್‌ನ ಯೋಜನೆ — ಮಧ್ಯಾಹ್ನ ಎಲ್ಲರೂ ಚೌಕದಲ್ಲಿ ಸೇರಬೇಕು, ಬ್ಯಾಂಡು ಬಾರಿಸಬೇಕು. ಊರು ಎಚ್ಚರವಾಗಿದೆ ಎಂದು ತೋರಿಸಬೇಕು. ಅಧಿಕಾರಿಯನ್ನು ಬೆಳಗಿನ ಜಾವ ಕರೆಸಿ ಎಂದೆ ನಾನು.

"ಪೋಸ್ಟ್ ಮಾಸ್ಟ್ರೇ, ಸರ್ಕಾರ ಮೂರೂವರೆಗೆ ಏಳಲ್ಲ," ಅಂದ ಅಬ್ದೋನ್.

"ಎಬ್ಬಿಸೋಣ."

ನಕ್ಕರು. ಕೈ ಎತ್ತಿದವರೆಲ್ಲ ಬ್ಯಾಂಡಿನ ಪರ.

ಮಾರ್ಚ್ 6, ಗುರುವಾರ. ಸಂಜೆ

ಅಧಿಕಾರಿಯ ಹೆಸರು ವೆರ್ದೆಸೋಟೋ. ಸ್ವಂತ ಜೀಪಿನಲ್ಲಿ ಬಂದ, ತಡವಾಗಿ. ಅಷ್ಟರಲ್ಲಿ ಬೆಂಚುಗಳ ಮೇಲೆ ಇಡೀ ಊರು ಗೊರಕೆ. ಡೋಲಿನವನು ಡೋಲಿಗೇ ಕೆನ್ನೆಯಿಟ್ಟಿದ್ದ. ತುತ್ತೂರಿಯವನ ಬಾಯಲ್ಲಿ ತುತ್ತೂರಿ, ಕಣ್ಣಲ್ಲಿ ನಿದ್ದೆ. ಅಬ್ದೋನ್ ಭಾಷಣದ ಎರಡನೇ ಸಾಲಿನಲ್ಲೇ ಆಕಳಿಸಿದ.

ವೆರ್ದೆಸೋಟೋ ಜೇಬಿನಿಂದ ಪೆನ್ನು ತೆಗೆದ. ಇಂಥ ಪೆನ್ನು ನಾನು ಮೊದಲೇ ನೋಡಿದ್ದೇನೆ, ಅಂಚೆ ಕಚೇರಿ ನೋಡಲು ಬಂದವನ ಕೈಯಲ್ಲಿ.

ರುಫಿನಾ ಅಜ್ಜಿ ಅವನ ತೋಳು ಹಿಡಿದಳು. "ಏನಪ್ಪಾ ಬರ್ಕೊಳ್ತೀಯ? ನೀನಿನ್ನೂ ಮೊದಲ್ನೇ ನಿದ್ದೇಲಿದ್ದಾಗ್ಲೇ ನಾವೆದ್ದಿದೀವಿ. ಇವತ್ತು ಇಲ್ಲೇ ಮಲ್ಕೋ. ಬೆಳಿಗ್ಗೆ ಬರ್ತಾ ಒಂದು ಕನಸು ತಗೊಂಬಾ."

ಕೆಲಸವಿದೆ, ಹೋಗಬೇಕು ಎಂದ.

"ಕನಸೇ ಬೀಳಲ್ವೇನೋ ನಿಂಗೆ? ಪಾಪ."

ಅವನು ಪೆನ್ನು ಒಳಗಿಟ್ಟ. ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಅವನಿಗೆ ಹಾಸಿಗೆ ಹಾಕಿದ್ದೇನೆ.

ಮಾರ್ಚ್ 7. ಬೆಳಗಿನ ಏಳು



ವೆರ್ದೆಸೋಟೋ ಕೆದರಿದ ತಲೆಯಲ್ಲೇ ಎದ್ದು ಬಂದ. ಚೌಕದಲ್ಲಿ ಕಾಲಿಡಲು ಜಾಗವಿಲ್ಲ. ಲಾಟೀನು, ಹಣ್ಣಿನ ಬುಟ್ಟಿ, ಕೋಳಿ ಗೂಡು, ಜಗಳ, ನಗು. ಯಾರೂ ಯಾರಿಗೂ ಏನನ್ನೂ ತೋರಿಸುತ್ತಿರಲಿಲ್ಲ. ಎಂದಿನ ಹಾಗೆ ಇದ್ದೆವು, ಅಷ್ಟೇ.

ಅತಿಥಿ ಕನಸು ಹೇಳದೆ ಎರಡನೇ ಬುರುಡೆ ಇಲ್ಲ. ಮೊದಲ ಬುರುಡೆ ಖಾಲಿ ಮಾಡಿ ಅಜ್ಜಿಯ ಮುಂದಿಟ್ಟ. ಆಮೇಲೆ ಹೇಳಿದ: ತೀರಿಕೊಂಡ ತಾಯಿ ಹೊಳೆಯ ಆಚೆ ನಿಂತು ಏನೋ ಕೂಗುತ್ತಿದ್ದಳು. ಬ್ಯಾಂಡಿನ ಗದ್ದಲದಲ್ಲಿ ಕೇಳಿಸಲಿಲ್ಲ.

ಯಾರೂ ನಗಲಿಲ್ಲ. ಅಬ್ದೋನ್ ನೆಲ ನೋಡಿದ.

"ಕರೀತಿಲ್ಲ ಮಗಾ," ಅಂದಳು ಅಜ್ಜಿ. "ದಾಟಿಯಾಯ್ತು, ಚೆನ್ನಾಗಿದೀನಿ ಅಂತ ಹೇಳ್ತಿದಾಳೆ. ಕುಡಿ."

ಕುಡಿದ. ಜೀಪಿನ ಕೀಲಿಯನ್ನು ಸೆಗುಂಡೋನಿಗೆ ಕೊಟ್ಟು, ಹಿಂದಿನಿಂದ ತಾ ಎಂದು ಹೇಳಿ ಐದರ ಬಸ್ಸು ಹತ್ತಿದ. ಸೀಟಿರಲಿಲ್ಲ. ಕೋಳಿ ಗೂಡಿಗೂ ಒಬ್ಬ ಬಸುರಿಗೂ ನಡುವೆ ನಿಂತೇ ಹೋದ. ಪೇಟೆಯವರೆಗೆ ಮೂರು ಗಂಟೆಯ ದಾರಿ. ನಿಲ್ಲಲಿ. ಇದಕ್ಕಿಂತ ಒಳ್ಳೆಯ ಅರ್ಜಿ ನಾನು ಬರೆಯಲಾರೆ.

ಏಪ್ರಿಲ್ 21

ಆದೇಶ ಬಂತು. ಬಸ್ಸು ಉಳಿಯಿತು. ಉಳಿದದ್ದಷ್ಟೇ ಅಲ್ಲ, ನಾಳೆಯಿಂದ ಎರಡು. ಎರಡೂ ಬೆಳಗಿನ ಐದಕ್ಕೆ! ಕಾರಣದ ಜಾಗದಲ್ಲಿ ಒಂದೇ ಸಾಲು: ನಿಲ್ಲಲೂ ಸ್ಥಳವಿಲ್ಲ.

ಎಲ್ಲ ಬ್ಯಾಂಡಿನ ಪ್ರಭಾವ ಎನ್ನುತ್ತಾನೆ ಅಬ್ದೋನ್. ಎನ್ನಲಿ. ಸರ್ಕಾರದ ಕಾಗದದಲ್ಲಿ ನಮ್ಮ ಗಡಿಯಾರ ಮೊದಲ ಸಲ ಸರಿಯಾಗಿ ಬರೆಯಲ್ಪಟ್ಟಿದೆ. ಮೂರು ಸಲ ಓದಿದೆ.

ಏಪ್ರಿಲ್ 22. ಬೆಳಗಿನ ಮೂರೂವರೆ

ಇಂದು ಸರದಿ ನನ್ನದು. ಬರೆದಿಟ್ಟರೆ ಹೇಳುವಾಗ ಹಳಸುತ್ತದೆ, ಆದರೂ… ಅಂಚೆ ಕಚೇರಿಯ ಬಾಗಿಲು ತೆರೆದಿತ್ತು. ಹೊರಗೆ ಸಾಲು. ಕತ್ತಲಲ್ಲೇ, ಲಾಟೀನು ಹಿಡಿದು —

ಅಜ್ಜಿ ಕೂಗುತ್ತಿದ್ದಾಳೆ. ಹಾರನ್ನು. ಇನ್ನೊಂದು. ಎರಡೂ ಬಸ್ಸು ನಮ್ಮ ಚೌಕಕ್ಕೆ ಈಗಲೇ ಬಂದು ನಿಂತಿವೆ. ಹೊರಟೆ.